ಹಳೆಯ ಕಾರಿನ ಬ್ರೇಕು



ಕೆಎ 45 ಎಂದರೆ ಹುಣಸೂರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯವರ ಗಾಡಿಗಳ ಮೇಲೆ ಈ ಗುರುತು ಕಾಣುತ್ತದೆ. ಆದರೆ ಕೆಎ ಎಂಬ ಗುರುತು ಬರುವುದಕ್ಕಿಂತ ಮೊದಲೇ ರಸ್ತೆಗಿಳಿದ ಗಾಡಿಗಳೂ ಈ ಸೀಮೆಯಲ್ಲಿ ಇನ್ನೂ ಉಳಿದಿವೆ. ಹೊಗೆಸೊಪ್ಪಿನ ಬ್ಯಾರನ್ನಿನ ಪಕ್ಕದ ಶೆಡ್ಡಿನಲ್ಲಿ ಒಂದು ಅಂಬಾಸಿಡರ್. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಒಂದು ಪದ್ಮಿನಿ. ಕಾಡಂಚಿನ ತೋಟದಲ್ಲಿ ಒಂದು ಹಳೇ ಜೀಪು. ಅಪ್ಪ ಕೊಂಡಿದ್ದು, ತಾತ ಓಡಿಸಿದ್ದು ಎಂದು ಮಾರದೆ ಇಟ್ಟುಕೊಂಡವರಿದ್ದಾರೆ. ಈಚೆಗೆ ಹುಡುಗರೂ ಹುಡುಕಿ ತಂದು ರಿಪೇರಿ ಮಾಡಿಸುತ್ತಿದ್ದಾರೆ. ಸಂತೋಷದ ವಿಷಯ.

ಇಂಥ ಗಾಡಿ ಇಟ್ಟುಕೊಂಡವರು ಬಣ್ಣಕ್ಕೆ ಖರ್ಚು ಮಾಡುತ್ತಾರೆ. ಸೀಟಿಗೆ, ಬಂಪರಿನ ಹೊಳಪಿಗೆ ಖರ್ಚು ಮಾಡುತ್ತಾರೆ. ಎಂಜಿನ್ ಸ್ಟಾರ್ಟ್ ಆದರೆ ಗಾಡಿ ರೆಡಿ ಎಂದುಕೊಳ್ಳುತ್ತಾರೆ. ನಾನು ಇವತ್ತು ಹೇಳುವುದು ಒಂದೇ ಮಾತು. ಹಳೆಯ ಗಾಡಿಯಲ್ಲಿ ಮೊದಲ ದುಡ್ಡು ಬ್ರೇಕಿಗೆ ಹೋಗಬೇಕು. ಬ್ರೇಕು ಕೈಕೊಡುವ ಮುಂಚೆ ಬಹುತೇಕ ಸಲ ಸೂಚನೆ ಕೊಡುತ್ತದೆ. ಅದು ನಿಮ್ಮ ಬಲಗಾಲಿಗೆ ಗೊತ್ತಾಗುತ್ತದೆ. ಆ ಸೂಚನೆ ಹಿಡಿಯಲು ಕಲಿತರೆ ಅರ್ಧ ರಿಪೇರಿ ಮುಗಿದ ಹಾಗೆ. ಇನ್ನರ್ಧ, ಸರಿಯಾದ ಬಿಡಿಭಾಗ ಹುಡುಕುವುದು.

ನಮ್ಮ ರಸ್ತೆಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಮೈಸೂರಿನಿಂದ ಹುಣಸೂರಿಗೆ ಸುಮಾರು 45 ಕಿಲೋಮೀಟರು. ಅಲ್ಲಿಂದ ಪಿರಿಯಾಪಟ್ಟಣಕ್ಕೆ ಇನ್ನೊಂದು 25. ಹೆದ್ದಾರಿಯಲ್ಲಿ ಹಳೇ ಗಾಡಿಯೂ ಸಲೀಸಾಗಿ ಓಡುತ್ತದೆ. ಹುಣಸೂರಿನಿಂದ ತಿತಿಮತಿ ಕಡೆಗೋ, ಎಚ್.ಡಿ. ಕೋಟೆಯಿಂದ ಅಂತರಸಂತೆ ದಾಟಿ ಬಾವಲಿ ಕಡೆಗೋ ಹೊರಟರೆ ಕಾಡು ಸಿಗುತ್ತದೆ. ತಿರುವಿನಲ್ಲಿ ಆನೆ ನಿಂತಿರಬಹುದು. ಕೆ.ಆರ್. ನಗರದ ನಾಲೆ ಏರಿಯ ಮೇಲೆ ಗದ್ದೆಯ ಕೆಸರು. ಸುಗ್ಗಿಯಲ್ಲಿ ಟಾರು ರಸ್ತೆಯ ಮೇಲೇ ಹುರುಳಿ, ರಾಗಿ ಹರಡಿರುತ್ತಾರೆ. ಆ ಹುಲ್ಲಿನ ಮೇಲೆ ಟೈರು ಜಾರುತ್ತದೆ. ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ ಹೊರಟರೆ ಮಡಿಕೇರಿ ಹತ್ತಿ ಸಂಪಾಜೆ ಘಾಟಿ ಇಳಿಯಬೇಕು. 50 ವರ್ಷದ ಹಿಂದಿನ ಬ್ರೇಕು ಇಷ್ಟಕ್ಕೆಲ್ಲ ತಡೆಯಬೇಕು.

ಈಗ ಆ ಬ್ರೇಕು ಹೇಗೆ ಕೆಲಸ ಮಾಡುತ್ತದೆ ಎಂದು ನೋಡೋಣ. ಚಿತ್ರ ಇಲ್ಲ, ಮಾತಿನಲ್ಲೇ ಹೇಳುತ್ತೇನೆ. ಪೆಡಲ್ ಒತ್ತಿದರೆ ಒಂದು ಪಿಸ್ಟನ್ ಮುಂದೆ ಸರಿಯುತ್ತದೆ. ಅದಿರುವ ಕೊಳವೆಯೇ ಮಾಸ್ಟರ್ ಸಿಲಿಂಡರ್. ಅಲ್ಲಿಂದ ಸಣ್ಣ ಲೋಹದ ಪೈಪುಗಳು ನಾಲ್ಕೂ ಚಕ್ರಕ್ಕೆ ಹೋಗುತ್ತವೆ. ಪೈಪಿನ ತುಂಬ ಬ್ರೇಕ್ ಆಯಿಲ್. ಪೆಡಲಿನ ಒತ್ತಡವನ್ನು ಆ ಆಯಿಲ್ ಚಕ್ರಕ್ಕೆ ಮುಟ್ಟಿಸುತ್ತದೆ. ಚಕ್ರದೊಳಗೆ ವೀಲ್ ಸಿಲಿಂಡರ್ ಇದೆ. ಅದು ಅರ್ಧಚಂದ್ರಾಕಾರದ ಎರಡು ಶೂಗಳನ್ನು ಹೊರಕ್ಕೆ ತಳ್ಳುತ್ತದೆ. ಶೂ ಮೇಲಿನ ಲೈನರ್ ಹೋಗಿ ತಿರುಗುವ ಡ್ರಮ್ಮಿಗೆ ಉಜ್ಜುತ್ತದೆ. ಗಾಡಿ ನಿಲ್ಲುತ್ತದೆ.

ಇಲ್ಲಿ ಒಂದು ಮುಖ್ಯ ಸಂಗತಿ ಇದೆ. ಈಗಿನ ಕಾರುಗಳಲ್ಲಿ ಆಯಿಲ್ಲಿಗೆ ಎರಡು ಪ್ರತ್ಯೇಕ ದಾರಿ ಇರುತ್ತವೆ. ಒಂದು ಸೋರಿದರೂ ಇನ್ನೊಂದು ಹಿಡಿಯುತ್ತದೆ. 60, 70ರ ದಶಕದ ನಮ್ಮ ಗಾಡಿಗಳಲ್ಲಿ ಒಂದೇ ದಾರಿ. ಒಂದು ಚಕ್ರದ ಹತ್ತಿರ ಎರಡು ಬೆರಳಗಲದ ರಬ್ಬರ್ ಕಪ್ ಹರಿದರೆ ನಾಲ್ಕೂ ಚಕ್ರದ ಬ್ರೇಕು ಹೋಯಿತು. ಆಮೇಲೆ ಉಳಿಯುವುದು ಹ್ಯಾಂಡ್ ಬ್ರೇಕು, ಗೇರು, ಮತ್ತು ನಿಮ್ಮ ಧೈರ್ಯ.

ಸರಿ. ಪೆಡಲ್, ಮಾಸ್ಟರ್ ಸಿಲಿಂಡರ್, ಪೈಪು, ವೀಲ್ ಸಿಲಿಂಡರ್, ಶೂ, ಡ್ರಮ್. ಇದು ಬ್ರೇಕಿನ ದಾರಿ. ಈಗ ಪೆಡಲಿನ ಭಾಷೆಗೆ ಬರೋಣ.

ಗಾಡಿ ನಿಲ್ಲಿಸಿ ಪೆಡಲನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಅರ್ಧ ನಿಮಿಷ ಹಾಗೇ ಇರಲಿ. ಕಾಲಡಿ ಪೆಡಲ್ ಕಲ್ಲಿನ ಹಾಗೆ ನಿಂತರೆ ಒಳ್ಳೆಯದು. ಮೆಲ್ಲಗೆ ಇಳಿಯತೊಡಗಿದರೆ ಎಚ್ಚರವಾಗಿ. ಆಯಿಲ್ ಡಬ್ಬದ ಮುಚ್ಚಳ ತೆಗೆದು ನೋಡಿ. ಮಟ್ಟ ಇಳಿದಿದೆಯೋ? ಹಾಗಾದರೆ ಎಲ್ಲೋ ಸೋರುತ್ತಿದೆ. ಮಟ್ಟ ಹಾಗೇ ಇದೆಯೋ? ಹೊರಗೆ ಎಲ್ಲೂ ಒದ್ದೆ ಇಲ್ಲವೋ? ಹಾಗಾದರೆ ಮಾಸ್ಟರ್ ಸಿಲಿಂಡರಿನ ಒಳಗಿನ ಕಪ್ ಸವೆದಿದೆ. ಆಯಿಲ್ ಅದರ ಪಕ್ಕದಿಂದಲೇ ಹಿಂದಕ್ಕೆ ನುಸುಳುತ್ತಿದೆ. ಬಹಳ ಜನ ಇದನ್ನು ಗುರುತಿಸುವುದಿಲ್ಲ. ಸೋರಿಕೆ ಕಾಣದ ಕಾರಣ ಎಲ್ಲ ಸರಿ ಇದೆ ಎಂದುಕೊಳ್ಳುತ್ತಾರೆ. ಇವತ್ತು ಮೆಲ್ಲಗೆ ಇಳಿಯುವ ಪೆಡಲ್ ಒಂದು ದಿನ ಪೂರ್ತಿ ತಳ ಮುಟ್ಟುತ್ತದೆ.

ಇನ್ನೊಂದು ಸೂಚನೆ. ಒತ್ತಿದರೆ ಮೆತ್ತಮೆತ್ತಗೆ ಅನ್ನಿಸುತ್ತದೆ. ಎರಡು ಮೂರು ಸಲ ಪಂಪ್ ಮಾಡಿದರೆ ಗಟ್ಟಿಯಾಗುತ್ತದೆ. ಇದು ಪೈಪಿನೊಳಗೆ ಗಾಳಿ ಸೇರಿದ ಲಕ್ಷಣ. ಆಯಿಲ್ ಅಮುಕಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಮೆತ್ತಗಿಲ್ಲ, ಆದರೆ ಪೆಡಲ್ ಬಹಳ ಕೆಳಗೆ ಹೋದ ಮೇಲೆ ಹಿಡಿಯುತ್ತದೆ, ಪಂಪ್ ಮಾಡಿದರೆ ಮೇಲೆ ಬರುತ್ತದೆ ಎಂದಾದರೆ ಲೈನರ್ ಸವೆದು ಶೂ ಹಿಂದೆ ಸರಿದಿದೆ. ಅಡ್ಜಸ್ಟ್ ಮಾಡಬೇಕು. ಕೆಲವು ಗಾಡಿಯಲ್ಲಿ ಡ್ರಮ್ಮಿನ ತೂತಿನೊಳಗೆ ಸ್ಕ್ರೂಡ್ರೈವರ್ ಹಾಕಿ ತಿರುಗಿಸುತ್ತಾರೆ. ಕೆಲವಕ್ಕೆ ಹಿಂಬದಿಯ ತಗಡಿನ ಮೇಲೆ ಬೋಲ್ಟ್ ಇರುತ್ತದೆ.

ಗಾಡಿ ಒಂದು ಕಡೆಗೆ ಎಳೆದರೆ? ಎಳೆಯುವ ಕಡೆಯ ಚಕ್ರದ ಮೇಲೆ ಎಲ್ಲರಿಗೂ ಅನುಮಾನ ಬರುತ್ತದೆ. ಮೊದಲು ನೋಡಬೇಕಾದ್ದು ಅದರ ಎದುರಿನ ಚಕ್ರ. ಎಡಕ್ಕೆ ಎಳೆದರೆ ಬಲಗಡೆಯದು ಹಿಡಿಯುತ್ತಿಲ್ಲ ಎನ್ನುವುದೇ ಹೆಚ್ಚು. ಅದರ ಪಿಸ್ಟನ್ ಜಾಮ್ ಆಗಿರಬಹುದು. ಲೈನರ್ ಮೇಲೆ ಗ್ರೀಸೋ ಆಯಿಲ್ಲೋ ಬಿದ್ದಿರಬಹುದು.

ಕಾಲು ತೆಗೆದ ಮೇಲೂ ಚಕ್ರ ಬಿಡದೆ ಹಿಡಿದುಕೊಂಡರೆ ಇನ್ನೊಂದು ಪರೀಕ್ಷೆ ಇದೆ. ಜಾಕ್ ಹಾಕಿ ಚಕ್ರ ಎತ್ತಿ. ತಿರುಗುವುದಿಲ್ಲ ಅಲ್ಲವೇ? ಆ ಚಕ್ರದ ಹಿಂದೆ ಏರ್ ತೆಗೆಯುವ ನಿಪ್ಪಲ್ ಇರುತ್ತದೆ, ಅದನ್ನು ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಸಲೀಸಾಗಿ ತಿರುಗಿದರೆ ಒಳಗೆ ಒತ್ತಡ ಸಿಕ್ಕಿಕೊಂಡಿತ್ತು ಎಂದರ್ಥ. ನಾಲ್ಕೂ ಚಕ್ರ ಹೀಗೇ ಹಿಡಿದಿದ್ದರೆ ದೋಷ ಮಾಸ್ಟರ್ ಸಿಲಿಂಡರಿನದು, ಇಲ್ಲವೇ ಪೆಡಲಿಗೆ ಸಡಿಲ ಸಾಲದು. ಒಂದೇ ಚಕ್ರವಾದರೆ ಅದರ ರಬ್ಬರ್ ಹೋಸ್ ಪೈಪು ತೆಗೆದು ನೋಡಿ. ಹೊರಗೆ ಚೆನ್ನಾಗಿಯೇ ಕಾಣುತ್ತದೆ. ಒಳಗೆ ಊದಿ ದಾರಿ ಮುಚ್ಚಿರುತ್ತದೆ. ಕಾಲಿನ ಜೋರಿಗೆ ಆಯಿಲ್ ಒಳಗೆ ಹೋಗುತ್ತದೆ, ವಾಪಸು ಬರುವುದಿಲ್ಲ.

ಇಷ್ಟು ನೆನಪಿಡಿ. ಇಳಿಯುವ ಪೆಡಲ್ ಎಂದರೆ ಸೋರಿಕೆ ಅಥವಾ ಮಾಸ್ಟರ್ ಕಪ್. ಮೆತ್ತಗಿನ ಪೆಡಲ್ ಎಂದರೆ ಗಾಳಿ. ಎಳೆತಕ್ಕೆ ಎದುರಿನ ಚಕ್ರ. ಬಿಡದ ಚಕ್ರಕ್ಕೆ ಹೋಸ್.

ಈಗ ಸೋರಿಕೆಯನ್ನು ಹತ್ತಿರದಿಂದ ನೋಡೋಣ. ಹಿಂದಿನ ಚಕ್ರದ ಒಳಬದಿ ಒದ್ದೆಯಾಗಿದೆ ಎನ್ನಿ. ಅದು ಬ್ರೇಕ್ ಆಯಿಲ್ಲೋ, ಆ್ಯಕ್ಸಲಿನಿಂದ ಬಂದ ಗೇರ್ ಆಯಿಲ್ಲೋ? ಬೆರಳಿಗೆ ಹಚ್ಚಿಕೊಂಡು ನೋಡಿ. ಗೇರ್ ಆಯಿಲ್ ಮಂದ, ಗಂಧಕದಂಥ ಘಾಟು ವಾಸನೆ. ಬ್ರೇಕ್ ಆಯಿಲ್ ತೆಳು. ಅನುಮಾನವಾದರೆ ಬೆರಳನ್ನು ನೀರಿಗೆ ಒಡ್ಡಿ. ಬ್ರೇಕ್ ಆಯಿಲ್ ನೀರಿನಲ್ಲಿ ಕರಗಿ ತೊಳೆದುಹೋಗುತ್ತದೆ. ಗೇರ್ ಆಯಿಲ್ ಜಿಡ್ಡಾಗಿ ಉಳಿಯುತ್ತದೆ. ಗೇರ್ ಆಯಿಲ್ಲಾದರೆ ಹಾಳಾಗಿರುವುದು ಆ್ಯಕ್ಸಲ್ ಸೀಲು, ವೀಲ್ ಸಿಲಿಂಡರ್ ಅಲ್ಲ. ಎರಡರಲ್ಲಿ ಯಾವುದೇ ಬಿದ್ದಿದ್ದರೂ ಲೈನರ್ ಬದಲಿಸಲೇಬೇಕು. ಪೆಟ್ರೋಲಿನಲ್ಲಿ ತೊಳೆದು ಬಿಸಿಲಿಗಿಟ್ಟು ಮತ್ತೆ ಹಾಕುವ ರೂಢಿ ಇದೆ. ದಯವಿಟ್ಟು ಬೇಡ. ಹೀರಿಕೊಂಡ ಎಣ್ಣೆ ಕಾವು ಏರಿದಾಗ ಮತ್ತೆ ಹೊರಬರುತ್ತದೆ.

ವೀಲ್ ಸಿಲಿಂಡರ್ ಬಿಚ್ಚಿದಾಗ ಏನು ಕಾಣುತ್ತದೆ ಹೇಳುತ್ತೇನೆ. ಅದು ಹೆಬ್ಬೆಟ್ಟು ತೂರುವಷ್ಟು ದಪ್ಪದ ಎರಕದ ಕೊಳವೆ. ಎರಡು ಬಾಯಿಗೂ ರಬ್ಬರ್ ಬೂಟು. ಬೂಟು ಎಳೆದರೆ ಕಾಫಿ ಬಣ್ಣದ ಲೋಳೆ ಹೊರಬರುತ್ತದೆ. ಒಳಗೆ ಪಿಸ್ಟನ್, ಅದರ ಹಿಂದೆ ಕಪ್. ಕಪ್ಪಿನ ಅಂಚು ತೆಳ್ಳಗೆ, ಚೂಪಾಗಿ ಇರಬೇಕು. ಹಳೆಯದರ ಅಂಚು ಮೊಂಡಾಗಿರುತ್ತದೆ, ಇಲ್ಲವೇ ಹರಿದಿರುತ್ತದೆ. ಕೊಳವೆಯ ಒಳಗೋಡೆಯನ್ನು ಒರೆಸಿ ಉಗುರಿನಿಂದ ಸವರಿ. ಕನ್ನಡಿಯಂತೆ ನುಣುಪಾಗಿದ್ದರೆ ಕಪ್ ಮಾತ್ರ ಬದಲಿಸಿದರೆ ಸಾಕು. ಉಗುರು ಎಲ್ಲಾದರೂ ತಡೆಯಿತೋ, ಅಲ್ಲಿ ತುಕ್ಕು ತಿಂದ ಗುಳಿ ಇದೆ. ಆ ಗುಳಿಯ ಮೇಲೆ ಹೊಸ ಕಪ್ ಹಾಕಿದರೆ ಕೆಲವೇ ದಿನದಲ್ಲಿ ಅದೂ ಸೋರುತ್ತದೆ.

ಆ ತುಕ್ಕು ಎಲ್ಲಿಂದ ಬಂತು? ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಮುಂಗಾರಿನಲ್ಲಿ ನಾಗರಹೊಳೆ ಅಂಚಿನ ಹವೆ ನಿಮಗೆ ಗೊತ್ತಲ್ಲ. ದಿನಾ ಓಡುವ ಗಾಡಿಗಿಂತ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಗೇ ಬ್ರೇಕಿನ ಕಾಟ ಹೆಚ್ಚು. ಹಬ್ಬಕ್ಕೋ ಮದುವೆಗೋ ಹೊರತೆಗೆಯುವ ಕಾರಿನ ಪಿಸ್ಟನ್ ಸಿಲಿಂಡರಿಗೆ ಅಂಟಿಕೊಂಡಿರುತ್ತದೆ.

ನೀರು ಸೇರಿದ ಆಯಿಲ್ಲಿಗೆ ಇನ್ನೂ ದೊಡ್ಡ ದೋಷವಿದೆ. ಡಾಟ್ 3 ಎಂದು ಬರೆದ ಹೊಸ ಆಯಿಲ್ 200 ಡಿಗ್ರಿ ದಾಟಿದ ಮೇಲೇ ಕುದಿಯುವುದು. ನೂರರಲ್ಲಿ ಮೂರು ನಾಲ್ಕು ಪಾಲು ನೀರು ಸೇರಿದರೆ 140 ಡಿಗ್ರಿಯ ಆಸುಪಾಸಿನಲ್ಲೇ ಕುದಿಯಬಹುದು. ಘಾಟಿ ಇಳಿಯುವಾಗ ಬ್ರೇಕ್ ಮೇಲೇ ಕಾಲಿಟ್ಟರೆ ಡ್ರಮ್ ಕಾಯುತ್ತದೆ. ಆಯಿಲ್ ಕುದಿದು ಆವಿಯಾಗುತ್ತದೆ. ಆವಿ ಗಾಳಿಯಂತೆಯೇ ಕುಗ್ಗುತ್ತದೆ. ಪೆಡಲ್ ತಳ ಮುಟ್ಟುತ್ತದೆ. ಬದಿಗೆ ನಿಲ್ಲಿಸಿ ಅರ್ಧ ಗಂಟೆ ಬಿಟ್ಟು ನೋಡಿದರೆ ಬ್ರೇಕು ಮತ್ತೆ ಸರಿಯಾಗಿರುತ್ತದೆ. ಇದನ್ನು ಕಂಡು ಜನ ದೇವರ ಮೇಲೆ ಭಾರ ಹಾಕಿ ಮುಂದೆ ಹೋಗುತ್ತಾರೆ. ಹೋಗಬೇಡಿ. ಆಯಿಲ್ ಬದಲಿಸಬೇಕು ಎನ್ನುವುದಕ್ಕೆ ಅದಕ್ಕಿಂತ ಸ್ಪಷ್ಟ ಸೂಚನೆ ಇಲ್ಲ. ಗಾಡಿ ಓಡಲಿ, ಓಡದಿರಲಿ, 2 ವರ್ಷಕ್ಕೊಮ್ಮೆ ಪೂರ್ತಿ ಹಳೆಯದನ್ನು ಹೊರಹಾಕಿ ಹೊಸದು ತುಂಬಿಸಿ. ಘಾಟಿಯಲ್ಲಿ ಹತ್ತಿದ ಗೇರಿನಲ್ಲೇ ಇಳಿಯಿರಿ.

ಆಯಿಲ್ ಬಗ್ಗೆ ಇನ್ನೊಂದು ಮಾತು, ಇದನ್ನು ಒತ್ತಿ ಹೇಳುತ್ತೇನೆ. ದಾರಿಯಲ್ಲಿ ಬ್ರೇಕ್ ಆಯಿಲ್ ಸಿಗದಾಗ ಎಂಜಿನ್ ಆಯಿಲ್ ಸುರಿದು ಊರು ಮುಟ್ಟುವವರಿದ್ದಾರೆ. ಒಂದೇ ಒಂದು ಸಲ ಹಾಗೆ ಮಾಡಿದರೂ ಒಳಗಿನ ಎಲ್ಲ ರಬ್ಬರ್ ಊದಿ ಮೆತ್ತಗಾಗುತ್ತದೆ. ಮಾಸ್ಟರ್, ವೀಲ್ ಸಿಲಿಂಡರ್, ಹೋಸ್ ಎಲ್ಲದರ ರಬ್ಬರನ್ನೂ ಬದಲಿಸಬೇಕಾಗುತ್ತದೆ. ಗಾಡಿಯಲ್ಲಿ ಅರ್ಧ ಲೀಟರ್ ಬ್ರೇಕ್ ಆಯಿಲ್ ಸೀಲ್ ಒಡೆಯದೆ ಇಟ್ಟುಕೊಳ್ಳಿ. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ. ಬಣ್ಣವನ್ನೇ ಕಿತ್ತು ತರುತ್ತದೆ ಅದು.

ಇಲ್ಲಿಯವರೆಗೆ ದೋಷ ಹುಡುಕುವುದನ್ನು ಹೇಳಿದೆ. ಇನ್ನು ಬಿಡಿಭಾಗ. ಹಳೇ ಗಾಡಿಯವರು ಸೋಲುವುದು ಇಲ್ಲೇ.

ಅಂಬಾಸಿಡರ್ ಇಟ್ಟವರು ಅದೃಷ್ಟವಂತರು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ವಿನ್ಯಾಸದಿಂದ ಬಂದ ಆ ಗಾಡಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 50ರ ದಶಕದ ಕೊನೆಯಿಂದ 2014ರವರೆಗೂ ತಯಾರಾಯಿತು. ಅರ್ಧ ಶತಮಾನಕ್ಕೂ ಮೀರಿ ಒಂದೇ ಮೈಕಟ್ಟು. ಸರ್ಕಾರಿ ಕಚೇರಿಗಳಲ್ಲಿ, ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಅದೇ ಇತ್ತು. ಪದ್ಮಿನಿ ಇಟಲಿಯ ಫಿಯಟ್ 1100ರ ರೂಪ. ಮುಂಬೈಯ ಪ್ರೀಮಿಯರ್ ಕಂಪನಿ ಸುಮಾರು 2000ದವರೆಗೆ ಮಾಡಿತು. ಆ ಕಂಪನಿಯ ಹಿಂದೆ ನಮ್ಮ ಸೀಮೆಯ ಒಂದು ಕಥೆಯೂ ಇದೆ. 30ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಹಾಕಿದ್ದರು. ವಾಲಚಂದ್ ಹೀರಾಚಂದರು ಕೈಜೋಡಿಸಿದ್ದರು. ಮೈಸೂರು ಸಂಸ್ಥಾನದಲ್ಲಿ ಕಾರ್ಖಾನೆ ಆಗಲಿ ಎಂಬ ಪ್ರಯತ್ನ ನಡೆದಿತ್ತು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ವಾಲಚಂದರು 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಆ ಕಾರ್ಖಾನೆ ಇಲ್ಲೇ ಆಗಿದ್ದರೆ ಇವತ್ತು ಪದ್ಮಿನಿಯ ಬಿಡಿಭಾಗಕ್ಕೆ ನಾವು ಇಷ್ಟು ಅಲೆಯಬೇಕಿರಲಿಲ್ಲವೇನೋ.

ಬ್ರೇಕಿನ ಭಾಗಗಳನ್ನು ಕಾರು ಕಂಪನಿಗಳು ಹೆಚ್ಚಾಗಿ ಹೊರಗಿನಿಂದ ತರಿಸುತ್ತಿದ್ದವು. ಚೆನ್ನೈನ ಪಾಡಿಯಲ್ಲಿ 1962ರಲ್ಲಿ ಶುರುವಾದ ಬ್ರೇಕ್ಸ್ ಇಂಡಿಯಾ, ಅಂದರೆ ಟಿವಿಎಸ್ ಗರ್ಲಿಂಗ್ ಹೆಸರಿನ ಮಾಲು ಮಾಡುವವರು, ಇಂಥ ದೊಡ್ಡ ತಯಾರಕರು. ಆದ್ದರಿಂದ ಕಾರು ನಿಂತುಹೋದರೂ ಬ್ರೇಕಿನ ಅಳತೆಗಳು ನಿಂತುಹೋಗುವುದಿಲ್ಲ.

ಅಂಗಡಿಗೆ ಹೋಗಿ ‘ಅಂಬಾಸಿಡರ್ ಮಾಸ್ಟರ್ ಕಿಟ್ ಕೊಡಿ’ ಎನ್ನುತ್ತೀರಿ. ‘ಯಾವ ಮಾಡಲ್ ಸಾರ್?’ ಎಂದು ಅವರು ಕೇಳುತ್ತಾರೆ. ಮಾರ್ಕ್ 2, ಮಾರ್ಕ್ 3, ಮಾರ್ಕ್ 4, ನೋವಾ ಎಂದು ಹಲವು ಮಾಡಲ್ ಬಂದವು. ಆರ್‌ಸಿ ಪುಸ್ತಕದಲ್ಲಿರುವ ವರ್ಷ ನಂಬಿ ತಂದರೆ ಎಷ್ಟೋ ಸಲ ಕೂರುವುದಿಲ್ಲ. ಹಿಂದಿನ ಮಾಲೀಕರು ಬೇರೆ ಮಾಡಲಿನ ಸಿಲಿಂಡರ್ ಹಾಕಿಸಿರುತ್ತಾರೆ. ಹಾಗಾಗಿ ಕಾರಿನ ಹೆಸರಿಗಿಂತ ಅಳತೆ ಮುಖ್ಯ. ಹಳೆಯ ಭಾಗ ಬಿಚ್ಚಿ, ಒರೆಸಿ, ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಎರಕದ ಮೇಲೆ ಅಂಕಿ ಇದ್ದರೆ ಬರೆದುಕೊಳ್ಳಿ. ಎಷ್ಟೋ ಕಪ್ಪುಗಳ ಹಿಂಬದಿಯಲ್ಲೇ ಅಳತೆ ಅಚ್ಚಾಗಿರುತ್ತದೆ. ಬ್ರಿಟಿಷ್, ಅಮೆರಿಕನ್ ಮೂಲದ ಗಾಡಿಯಲ್ಲಿ ಅಳತೆ ಇಂಚಿನಲ್ಲಿ. ಹಳೇ ವಿಲ್ಲೀಸ್ ಜೀಪಿನ ಮುಂದಿನ ವೀಲ್ ಸಿಲಿಂಡರ್ 1 ಇಂಚು, ಹಿಂದಿನದು ಮುಕ್ಕಾಲು ಇಂಚು. ಫಿಯಟ್ ಮೂಲದವುಗಳ ಮರೆ ಮಿಲಿಮೀಟರಿನಲ್ಲಿ. ಇಂಚಿನ ಮರೆಗೆ ಮಿಲಿಮೀಟರ್ ನಟ್ಟನ್ನು ಬಲವಂತವಾಗಿ ತಿರುಪಿದರೆ ಮರೆ ಕಿತ್ತು, ಸಿಲಿಂಡರೇ ಹೋಗುತ್ತದೆ.

ಎಲ್ಲಿ ಹುಡುಕಬೇಕು? ಮೊದಲು ಹುಣಸೂರು, ಪಿರಿಯಾಪಟ್ಟಣದ ಹಳೇ ಅಂಗಡಿಗಳ ಅಟ್ಟ. ನಂತರ ಮೈಸೂರು. ಅಲ್ಲೂ ಇಲ್ಲವಾದರೆ ಬೆಂಗಳೂರಿನ ಜೆ.ಸಿ. ರಸ್ತೆ. ಗುಜರಿ ಮಾಲಿಗೆ ಶಿವಾಜಿನಗರ, ಚೆನ್ನೈನ ಪುದುಪೇಟೆ. ಸ್ಟ್ಯಾಂಡರ್ಡ್ ಹೆರಾಲ್ಡ್‌ನಂಥ ಗಾಡಿಗೆ ಇಲ್ಲಿ ಸಿಗುವುದು ಕಷ್ಟ. ಅದರ ಮೂಲ ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್. ಅಲ್ಲಿ ಇವತ್ತಿಗೂ ಹೊಸ ರಬ್ಬರ್ ಕಿಟ್ ಮಾರುತ್ತಾರೆ, ತರಿಸಿಕೊಳ್ಳಬಹುದು.

ಗುಜರಿಯಲ್ಲಿ ಡ್ರಮ್ ಕೊಳ್ಳಬಹುದು, ಹಿಂಬದಿಯ ತಗಡು, ಪೆಡಲ್, ಶೂ ಕೊಳ್ಳಬಹುದು. ಕಪ್, ಹೋಸ್, ಲೈನರ್ ಮಾತ್ರ ಹಳೆಯದು ಬೇಡವೇ ಬೇಡ. ಪೆಟ್ಟಿಗೆಯಲ್ಲಿ ಹೊಸದಾಗಿ ಕಂಡರೂ ರಬ್ಬರಿಗೆ ವಯಸ್ಸಾಗಿರುತ್ತದೆ. ಅಂಚನ್ನು ಬೆರಳಿನಿಂದ ಬಗ್ಗಿಸಿ. ಕೂದಲೆಳೆಯಷ್ಟು ಬಿರುಕು ಕಂಡರೆ ವಾಪಸು ಕೊಡಿ.

ಸಿಲಿಂಡರೇ ಸಿಗದಿದ್ದರೆ ಲೇತ್ ಕೆಲಸದವರಿದ್ದಾರೆ. ಗುಳಿ ಬಿದ್ದ ಕೊಳವೆಯನ್ನು ಕೊರೆದು ಒಳಗೆ ಹಿತ್ತಾಳೆಯದೋ ಸ್ಟೀಲಿನದೋ ಸ್ಲೀವ್ ಕೂರಿಸಿ ಮೊದಲಿನ ಅಳತೆಗೇ ತರುತ್ತಾರೆ. ಚೆನ್ನಾಗಿ ಮಾಡಿದರೆ ಅದು ಹೊಸದಕ್ಕಿಂತ ಹೆಚ್ಚು ಬಾಳುತ್ತದೆ. ಸವೆದ ಶೂಗೆ ಹೊಸ ಲೈನರ್ ಕೂರಿಸುವವರೂ ಇದ್ದಾರೆ. ಒಂದು ಎಚ್ಚರಿಕೆ. ಹಳೆಯ ಲೈನರಿನಲ್ಲಿ ಕಲ್ನಾರು ಇರುತ್ತದೆ. ಡ್ರಮ್ ಬಿಚ್ಚಿದಾಗ ಆ ಧೂಳನ್ನು ಬಾಯಿಂದಾಗಲಿ ಏರ್ ಪೈಪಿನಿಂದಾಗಲಿ ಊದಬೇಡಿ. ಶ್ವಾಸಕೋಶಕ್ಕೆ ಅದು ವಿಷ. ಒದ್ದೆ ಬಟ್ಟೆಯಿಂದ ಒರೆಸಿ. ಗ್ಯಾರೇಜಿನ ಹುಡುಗರಿಗೂ ಹೇಳಿ.

ದೋಷ ಸಿಕ್ಕಿತು, ಭಾಗ ಸಿಕ್ಕಿತು. ಇನ್ನು ಏರ್ ತೆಗೆಯಬೇಕು. ಇಬ್ಬರು ಬೇಕು. ಒಬ್ಬರು ಪೆಡಲ್ ಹತ್ತಿರ, ಒಬ್ಬರು ಚಕ್ರದ ಹತ್ತಿರ. ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು. ನಮ್ಮ ಬಲಗಡೆ ಸ್ಟೇರಿಂಗ್ ಗಾಡಿಯಲ್ಲಿ ಅದು ಹಿಂದಿನ ಎಡ ಚಕ್ರ. ನಿಪ್ಪಲಿಗೆ ಸಣ್ಣ ಟ್ಯೂಬ್ ಹಾಕಿ, ಅದರ ತುದಿ ಬಾಟಲಿಯ ಆಯಿಲ್ಲಿನಲ್ಲಿ ಮುಳುಗಿರಲಿ. ‘ಒತ್ತು, ಹಿಡಿ’ ಎನ್ನಿ. ನಿಪ್ಪಲ್ ಬಿಚ್ಚಿ. ಗುಳ್ಳೆ ಬರುತ್ತದೆ. ನಿಪ್ಪಲ್ ಮುಚ್ಚಿದ ಮೇಲೆಯೇ ‘ಬಿಡು’ ಎನ್ನಿ. ಈ ಕ್ರಮ ತಪ್ಪಿದರೆ ಬಿಟ್ಟ ಗಾಳಿ ವಾಪಸು ಒಳಗೆ ಬರುತ್ತದೆ. ಗುಳ್ಳೆ ನಿಲ್ಲುವವರೆಗೂ ಮಾಡಿ. ಮೇಲಿನ ಡಬ್ಬ ಖಾಲಿಯಾಗದಂತೆ ನೋಡಿಕೊಳ್ಳಿ. ಬಾಟಲಿಯ ಆಯಿಲ್ ಮತ್ತೆ ಬಳಸಬೇಡಿ.

ಇಷ್ಟಾದರೂ ಓಡುವಾಗ ಪೆಡಲ್ ತಳ ಮುಟ್ಟಿದರೆ? ಬೇಗ ಬೇಗ ಪಂಪ್ ಮಾಡಿ. ಒಂದೊಂದೇ ಗೇರ್ ಇಳಿಸಿ. ಹಾರ್ನ್ ಹೊಡೆಯುತ್ತಿರಿ, ಲೈಟ್ ಹಾಕಿ. ಅಂಬಾಸಿಡರಿನಲ್ಲಿ ಹ್ಯಾಂಡ್ ಬ್ರೇಕು ಕೇಬಲ್ಲಿನಿಂದ ಹಿಂದಿನ ಚಕ್ರ ಹಿಡಿಯುತ್ತದೆ. ಆಯಿಲ್ ಹೋದರೂ ಅದು ಇರುತ್ತದೆ. ಗುಂಡಿ ಅದುಮಿ ಹಿಡಿದು ಬಿಟ್ಟು ಬಿಟ್ಟು ಎಳೆಯಿರಿ. ಒಮ್ಮೆಲೇ ಎಳೆದರೆ ಗಾಡಿ ಅಡ್ಡ ತಿರುಗುತ್ತದೆ. ಹಳೇ ವಿಲ್ಲೀಸ್ ಜೀಪಿನವರು ಕೇಳಿ. ನಿಮ್ಮ ಹ್ಯಾಂಡ್ ಬ್ರೇಕು ಚಕ್ರಕ್ಕಲ್ಲ, ಗೇರ್ ಪೆಟ್ಟಿಗೆಯ ಹಿಂದಿನ ಶಾಫ್ಟಿಗೆ ಇರುವುದು. ಅದು ನಿಂತ ಗಾಡಿಗೆ. ಓಡುವಾಗ ಅದನ್ನು ನೆಚ್ಚಿಕೊಳ್ಳಬೇಡಿ, ಗೇರಿನಲ್ಲೇ ನಿಲ್ಲಿಸಿ.

ಇನ್ನು ಕಾನೂನಿನ ಮಾತು. 50 ವರ್ಷ ದಾಟಿದ ಗಾಡಿಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ಪ್ರತ್ಯೇಕ ವಿಂಟೇಜ್ ನೋಂದಣಿ ತಂದಿದೆ. ಅದರಲ್ಲಿ ನೋಂದಾಯಿಸಿದರೆ ಗಾಡಿಯನ್ನು ದಿನಬಳಕೆಗೆ ರಸ್ತೆಗೆ ತರುವಂತಿಲ್ಲ. ಮಿಕ್ಕ ಖಾಸಗಿ ಕಾರುಗಳು 15 ವರ್ಷವಾದ ಮೇಲೆ 5 ವರ್ಷಕ್ಕೊಮ್ಮೆ ಸಾರಿಗೆ ಕಚೇರಿಯಲ್ಲಿ ತಪಾಸಣೆಗೆ ಹೋಗಬೇಕು. ಆ ತಪಾಸಣೆಗಾಗಿ ಮಾತ್ರ ಬ್ರೇಕ್ ಸರಿಮಾಡಿಸುವುದು ಸಾಲದು. 5 ವರ್ಷದಲ್ಲಿ ಎರಡು ಸಲ ಆಯಿಲ್ ಕೆಡುತ್ತದೆ.

ಕೊನೆಯದಾಗಿ ಒಂದು ಬೇಡಿಕೆ. ನಿಮ್ಮ ಊರಿನಲ್ಲಿ ಯಾರಾದರೂ ಹಳೇ ಅಂಬಾಸಿಡರ್, ಪದ್ಮಿನಿ, ಜೀಪನ್ನು ತೂಕಕ್ಕೆ ಹಾಕುವುದು ಕಂಡರೆ ಒಂದು ದಿನ ತಡೆಯಿರಿ. ಡ್ರಮ್ಮು, ಶೂ, ಸಿಲಿಂಡರು, ಹಿಂಬದಿಯ ತಗಡು, ಇಷ್ಟನ್ನು ಬಿಚ್ಚಿಸಿ ಎತ್ತಿಡಿ. ಯಾವ ಮಾಡಲ್, ಯಾವ ಅಳತೆ ಎಂದು ಬರೆದ ಚೀಟಿ ಕಟ್ಟಿ. ಹುಣಸೂರಿನಲ್ಲೋ ಕೋಟೆಯಲ್ಲೋ ಇನ್ನೊಬ್ಬರು ಅದನ್ನೇ ಹುಡುಕುತ್ತಿರುತ್ತಾರೆ, ಅವರಿಗೆ ಮುಟ್ಟಿಸಿ. ನಾಳೆ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದಾಗ, ಕೀ ತಿರುಗಿಸುವ ಮೊದಲು, ಪೆಡಲನ್ನು ಅರ್ಧ ನಿಮಿಷ ಒತ್ತಿ ಹಿಡಿದು ನೋಡಿ. ಇಳಿದರೆ ಗಾಡಿ ಹೊರತೆಗೆಯಬೇಡಿ, ಮೇಸ್ತ್ರಿಯನ್ನು ಮನೆಗೇ ಕರೆಸಿ.